ಹೊರಬೀಡಿನ ನೆಲ

“ನಿಮ್ಮ ಮಿಷನ್ನಿಗೆ ನಮ್ಮ ಕಾಲು ಬ್ಯಾಡಾಗಿದ್ರ ಆ ಮಿಷನ್ನೇ ಒಯ್ದು ಹಾಳು ಬಾವಿಗೆ ಒಗೀರಿ. ನಮ್ಮ ಕಾಲು ಯಾಕ ಕಟ್ತೀರಿ?”

“ಅಕ್ಕಾ, ಬಾಯಿ ಸಣ್ಣದು ಮಾಡು. ಬಾಜೂ ಮನಿಯವ್ರು ಕೇಳ್ತಾರ.”

“ಕೇಳ್ಲಿ ಬಿಡು. ಕೇಳಾದೇ ನಿಮ್ಮ ಕಸುಬು ಆಗ್ಯಾದಲ್ಲ! ಇಡೀ ಕಾಲೋನಿ ಕಿವಿ ಆಗಿ ಕುಂತದ. ಬಾಯಿ ಅನ್ನಾದು ಒಬ್ಬರಿಗೂ ಉಳದಿಲ್ಲ.”

ಹುಲಿಗೆವ್ವಕ್ಕ ರೊಟ್ಟಿ ಬಡಿಯುತ್ತಲೇ ಬೈಯುತ್ತಿದ್ದಳು. ಒಂದೊಂದು ಮಾತಿಗೂ ಹಿಟ್ಟಿನ ಮೇಲೆ ಒಂದೊಂದು ಏಟು. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿದ ಮೇಲೆ ನನ್ನ ಮನೆಯಲ್ಲೇ ಇದ್ದಾಳೆ. ಇದ್ದಾಳೆ ಅನ್ನುವುದಕ್ಕಿಂತ ಮನೆ ಆಳುತ್ತಾಳೆ ಅನ್ನಬೇಕು.

“ನೋಡು, ಇವತ್ತೊಂದಿನ ತಡಿ. ಇವತ್ತು ಪಾಸಾತಂದ್ರ ಎಲ್ಲರ ಮನಿಗೂ ಪಟ್ಟಾ ಸಿಗ್ತದ. ನೀ ಇವತ್ತೇ ಬೇಲಿ ದಾಟ್ತೀನಿ ಅಂತ ಹಟ ಹಿಡದ್ರ...”

“ಹಿಡದ್ರ?”

“ನಾನೇ ಗಾರ್ಡನ್ನ ಕಳಿಸ್ತೀನಿ. ಅಕ್ಕ ಅಂತ ನೋಡಾಂಗಿಲ್ಲ.”

“ಕಳಸಪಾ ಕಳಸು. ಅವನ ಬೂಟಿನ ಸಪ್ಪಳಾನೂ ನಿನ್ನ ಮಿಷನ್ ಕೇಳ್ಲಿ. ನನ್ನವು ಎರಡೇ ಕಾಲು, ಸಾಲದು.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುಂದಿದ್ದ ತಾಟನ್ನು ತೆಗೆದು ಗೋಡೆಗೆ ಬೀಸಿದೆ. ಪಲ್ಯ ಚೆಲ್ಲಾಪಿಲ್ಲಿಯಾಯಿತು. ಒಳಗಿನಿಂದ ನನ್ನ ಹೆಂಡತಿ ನೀಲಮ್ಮ ಬಂದು ತಾಟು ಎತ್ತಿಕೊಂಡು, “ಅಕ್ಕನ ಮ್ಯಾಲಿನ ಸಿಟ್ಟು ಅಕ್ಕನ ಮ್ಯಾಲೆ ತೀರಸ್ಕೊಳ್ರಿ. ತಾಟು ಏನು ಮಾಡ್ಯಾದ ನಿಮಗ?” ಎಂದಳು. ಅಕ್ಕನಿಗೆ ನಗು ಬಂತು. ಆದರೆ ನಗುತ್ತಲೇ, “ನಾ ಹೋಗಾಕಿ ಹೋಗಾಕಿನೇ” ಎಂದಳು.

ನಾನು ಉಣ್ಣದೆ ಎದ್ದು ಡ್ಯೂಟಿಗೆ ಹೊರಟೆ.

ಇಷ್ಟೊಂದು ಜಗಳ ಯಾತಕ್ಕೆ ಬಂತೆಂದು ತಿಳಿಯಬೇಕಾದರೆ ನೆಲದ ವಿಷಯ ಹೇಳಬೇಕು.

ನಮ್ಮೂರು ತೊಗರಿಹಾಳ. ಈಗ ಆ ಊರಿಲ್ಲ. ಎರೆಮಣ್ಣಿನ ಕೆಳಗೆ ಕರಿಕಲ್ಲು, ಕರಿಕಲ್ಲಿನ ಕೆಳಗೆ ಕಲ್ಲಿದ್ದಲು ಇದೆ ಎಂದು ಕಂಡುಹಿಡಿದವರು ಬಂದಾಗ ನಾನಿನ್ನೂ ಮೀಸೆ ಮೂಡುತ್ತಿದ್ದ ಹುಡುಗ. ಊರನ್ನು ಎತ್ತಿ ಹಳ್ಳದ ಈಚೆಯ ಕಾಲೋನಿಯಲ್ಲಿ ಇಟ್ಟರು. ಊರಿದ್ದ ಜಾಗದಲ್ಲಿ ದೊಡ್ಡ ಗುಂಡಿ ಬಿತ್ತು. ಎಷ್ಟು ದೊಡ್ಡದೆಂದರೆ, ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಡಂಪರುಗಳು ಇರುವೆಗಳ ಹಾಗೆ ಕಾಣುತ್ತಿದ್ದವು. ನಾನೂ ಅಂಥದ್ದೊಂದು ಡಂಪರು ಓಡಿಸಿದೆ. ನನ್ನ ಯೌವನವೆಲ್ಲ ಆ ಗುಂಡಿಯಲ್ಲೇ ಹೋಯಿತು.

ಗಣಿಗೆ ಅನುಮತಿ ಕೊಡುವಾಗ ಸರ್ಕಾರ ಒಂದು ಷರತ್ತು ಹಾಕಿತ್ತು. ಕಲ್ಲಿದ್ದಲು ಮುಗಿದ ಮೇಲೆ ನೆಲವನ್ನು ಮೊದಲಿದ್ದ ಹಾಗೆ ಮಾಡಿ ಕೊಡಬೇಕು. ಅಂಥ ಷರತ್ತು ಹಿಂದೆಯೂ ಇತ್ತಂತೆ. ಗುಂಡಿ ಮುಚ್ಚಿ, ನಾಲ್ಕು ಜಾಲಿ ಗಿಡ ನೆಟ್ಟು, ಬೋರ್ಡು ಬರೆಸಿ ಫೋಟೋ ಹೊಡೆಸಿಕೊಂಡು ಹೋಗುತ್ತಿದ್ದರಂತೆ. ಆ ಆಟ ನಡೆಯಬಾರದೆಂದು ಹೊಸ ಕಾಯ್ದೆಯಲ್ಲಿ ನೆಲದ ದನಿ ಹಿಡಿಯುವ ಯಂತ್ರ ತಂದರು.

ಮಣ್ಣಿಗೆ ದನಿ ಇದೆ. ನಾನು ಮೊದಲು ನಂಬಿರಲಿಲ್ಲ. ಎರೆಹುಳು ಮಣ್ಣು ಕೊರೆಯುವಾಗ ಸಣ್ಣಗೆ ಉಜ್ಜಿದ ಸದ್ದು ಬರುತ್ತದೆ. ಬೇರು ಬೆಳೆಯುವಾಗ ಚಿಟಿಕೆ ಹೊಡೆದಂತೆ ಕೇಳುತ್ತದೆ. ನೀರು ಇಳಿಯುವುದು, ಗೆದ್ದಲು ನಡೆಯುವುದು, ಹುಳುಗಳು ಬೇರು ಕಡಿಯುವುದು, ಎಲ್ಲಕ್ಕೂ ಅದರದೇ ಸಪ್ಪಳ. ಮೊಣಕೈ ಉದ್ದದ ತಾಮ್ರದ ಸರಳನ್ನು ನೆಲಕ್ಕೆ ಹುಗಿದರೆ ಅದರ ತುದಿಯಲ್ಲಿರುವ ಹರಳು ಆ ನಡುಕವನ್ನೆಲ್ಲ ಹಿಡಿದು ಯಂತ್ರಕ್ಕೆ ಕಳಿಸುತ್ತದೆ. ಸತ್ತ ಮಣ್ಣು ಮೂಕ. ಬದುಕಿದ ಮಣ್ಣು ಹಗಲಿಗೊಂದು, ಇರುಳಿಗೊಂದು, ಮಳೆಗೊಂದು ರಾಗ ಹಾಡುತ್ತದೆ. ಗಣಿ ತೋಡುವ ಮೊದಲು ತೊಗರಿಹಾಳದ ನೆಲದ ದನಿಯನ್ನು ಒಂದು ಪೂರ್ತಿ ಹಗಲು ಹಿಡಿದು ಸರ್ಕಾರದ ಮುದ್ರೆ ಹಾಕಿ ಇಟ್ಟರು. ಗುಂಡಿ ಮುಚ್ಚಿದ ಮೇಲೆ ಹೊಸ ನೆಲದ ದನಿ ಅದಕ್ಕೆ ನೂರಕ್ಕೆ ತೊಂಬತ್ತೈದು ಪಾಲು ಹೋಲಬೇಕು. ಅಲ್ಲಿಯತನಕ ಕಂಪನಿಗೆ ಬಿಡುಗಡೆಯಿಲ್ಲ, ಸುತ್ತ ಬೇಲಿ, ಕೆಲಸದವರನ್ನು ಬಿಟ್ಟು ನೆಲದ ಮೇಲೆ ಯಾರೂ ಕಾಲಿಡುವಂತಿಲ್ಲ. ಹೋಲಿತೆಂದರೆ ನೆಲ ಬದುಕಿತು ಎಂದು ಪ್ರಮಾಣಪತ್ರ. ಆಮೇಲೆ ಅದು ನಮಗೆ ವಾಪಸು. ನಾವು ತಿಳಿದುಕೊಂಡಿದ್ದು ಹಾಗೆ.

ಕಾಲೋನಿಯವರೆಲ್ಲ ಆ ಸರಳುಗಳಿಗೆ ಕಿವಿ ಎನ್ನುತ್ತೇವೆ.

ಡಂಪರು ಬಿಟ್ಟ ಮೇಲೆ ನನಗೆ ಸಿಕ್ಕಿದ್ದು ಕಿವಿಕೋಣೆಯ ಕೆಲಸ. ಹೆಡ್‌ಫೋನು ಹಾಕಿಕೊಂಡು ಕೂರುವುದು. ಎದುರಿನ ಗಾಜಿನ ಗೋಡೆಯ ಮೇಲೆ ಹೋಲಿಕೆಯ ಅಂಕಿ ಹೊಳೆಯುತ್ತಿರುತ್ತದೆ. ಕೈಯ ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ನೆಲದ್ದು’ ಎಂದು ಬರೆದಿದೆ, ಇನ್ನೊಂದರ ಮೇಲೆ ‘ಹೊರಗಿನದು’. ಯಂತ್ರಕ್ಕೆ ಗುರುತು ಹತ್ತದ ಸದ್ದು ಬಂದಾಗ ಅದು ಕೆಂಪು ದೀಪ ಹಚ್ಚಿ ಕೇಳುತ್ತದೆ. ವಿಮಾನ ಹೋದರೆ ಹೊರಗಿನದು. ಮೊಲ ಬಿಲ ತೋಡಿದರೆ ನೆಲದ್ದು. ಹೊರಗಿನದನ್ನು ಯಂತ್ರ ಲೆಕ್ಕದಿಂದ ಕಿತ್ತುಹಾಕುತ್ತದೆ. ನೆಲದ್ದನ್ನು ಲೆಕ್ಕಕ್ಕೆ ಹಿಡಿದು ಹೋಲಿಕೆ ನೋಡುತ್ತದೆ. ಇದಕ್ಕೆ ಮನುಷ್ಯನೇ ಬೇಕು, ಅದೂ ಈ ಸೀಮೆಯವನೇ ಬೇಕು ಎಂದು ಕಾಯ್ದೆಯಲ್ಲಿದೆ. ಒಮ್ಮೆ ಒತ್ತಿದ್ದನ್ನು ಬದಲಿಸಲು ಅಧಿಕಾರಿಯ ಕೀಲಿ ಬೇಕು.

ಆ ಅಧಿಕಾರಿ ಶಹನಾಜ್ ಮೇಡಂ, ಹುಮನಾಬಾದಿನ ಕಡೆಯವರು. ಪರಿಸರದ ಷರತ್ತೆಲ್ಲ ಪಾಲನೆಯಾಗಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ನಾನು ಎಷ್ಟೋ ಅಧಿಕಾರಿಗಳನ್ನು ಕಂಡಿದ್ದೇನೆ. ಜೀಪಿನಿಂದ ಇಳಿಯದೆ ಸಹಿ ಮಾಡಿ ಹೋಗುವ ಜಾತಿ. ಈ ಹೆಣ್ಣುಮಗಳು ಹಾಗಲ್ಲ. ಗುಂಡಿ ಮುಚ್ಚಿ ಕಲ್ಲುಮಣ್ಣು ತುಂಬಿದ ದಿನದಿಂದ ಆ ನೆಲದ ಹಿಂದೆಯೇ ಬಿದ್ದರು. ಗಣಿಯ ಹುಳಿನೀರಿಗೆ ಸುಣ್ಣ ಹಾಕಿಸಿದರು. ಎತ್ತಿಟ್ಟಿದ್ದ ಮೇಲ್ಮಣ್ಣನ್ನು ಹರಡಿಸಿದರು. ಲ್ಯಾಬಿನಲ್ಲಿ ಬೆಳೆಸಿದ ಒಂದು ಬಗೆಯ ಬಿಳಿ ಬೂಸ್ಟನ್ನು, ಅಂದರೆ ಶಿಲೀಂಧ್ರವನ್ನು, ನೀರಿನಲ್ಲಿ ಕಲಸಿ ಇಡೀ ಬಯಲಿಗೆ ಸಿಂಪಡಿಸಿದರು. ಆ ಬೂಸ್ಟು ಕಲ್ಲನ್ನು ತಿಂದು, ಕಲ್ಲಿಗೂ ಬೇರಿಗೂ ನೂಲಿನಂತೆ ಹೆಣೆದುಕೊಂಡು, ನೂರಾರು ವರ್ಷದ ಕೆಲಸವನ್ನು ಕೆಲವೇ ವರ್ಷಗಳಲ್ಲಿ ಮಾಡಿತು. ಮೊದಮೊದಲು ಹೆಡ್‌ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. ಗೋಣಿಚೀಲ ತಲೆಗೆ ಹಾಕಿಕೊಂಡಂಥ ಮೌನ. ಒಂದು ಮಳೆಗಾಲದ ಬೆಳಿಗ್ಗೆ ಎಲ್ಲೋ ಒಂದು ಕಡೆ ಚಿಟ್ ಎಂದಿತು. ಇನ್ನೊಮ್ಮೆ ಚಿಟ್.

“ಆದೆಪ್ಪ ಅವರೇ, ಬೇರು ಅದು! ಬೇರು ಬಿಟ್ಟದ!” ಎಂದು ಮೇಡಂ ಕುಣಿದಾಡಿಬಿಟ್ಟರು. ನಾನು ‘ನೆಲದ್ದು’ ಒತ್ತಿದೆ.

ಆಮೇಲೆ ಕಾಲೋನಿಗೂ ಹುಚ್ಚು ಹಿಡಿಯಿತು. ಕಾಲೋನಿಯ ಕಟ್ಟೆಯ ಮೇಲೆ ಒಂದು ಸ್ಪೀಕರು ಹಾಕಿ ನೆಲದ ದನಿಯನ್ನು ನೇರ ಬಿಡಲು ಮೇಡಂ ಒಪ್ಪಿದರು. ಸಂಜೆಯಾದರೆ ಹೆಂಗಸರು ಅಕ್ಕಿ ಆರಿಸುವುದನ್ನು ಅಲ್ಲಿಗೇ ತರುತ್ತಿದ್ದರು. ಎಳೆಕೂಸುಗಳು ಜೋಗುಳವಿಲ್ಲದೆ ಆ ಗುಜುಗುಜಿಗೇ ನಿದ್ದೆ ಹೋಗುತ್ತಿದ್ದವು. ಮೊದಲ ಮಳೆ ಬಿದ್ದಾಗ ಟಿವಿ ಎಲ್ಲ ಆರಿಸಿ ಇಡೀ ಕಾಲೋನಿ ಉಸಿರು ಹಿಡಿದು ಕೂರುತ್ತಿತ್ತು. ನೀರು ಮಣ್ಣಿಗಿಳಿಯುವ ಸದ್ದು ಬಾಯಾರಿದ ದನ ನೀರು ಕುಡಿದ ಹಾಗೆ. ಆ ರಾತ್ರಿಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಕನಸು ಬೀಳುತ್ತಿತ್ತೆಂದು ಕಾಣುತ್ತದೆ. ಬೆಳಿಗ್ಗೆ ನಲ್ಲಿಯ ಹತ್ತಿರ, “ನಾನು ಬೇರಾಗಿ ಕೆಳಗ ಇಳದಿದ್ದೆ ನೋಡು” ಎಂದು ಒಬ್ಬಳೆಂದರೆ, “ನನ್ನ ಕಾಲಾಗ ಹಾಯ್ದಾಕಿ ನೀನೇನು?” ಎಂದು ಇನ್ನೊಬ್ಬಳು. ಹುಚ್ಚು ಹೆಂಗಸರು ಎಂದು ಬೈಯುತ್ತಿದ್ದೆ. ನನಗೂ ಬೀಳುತ್ತಿತ್ತು. ಕನಸಿನಲ್ಲಿ ನಾನು ಬೆಚ್ಚಗಿನ ಕಪ್ಪು ಮಣ್ಣಿನಲ್ಲಿ ಮಲಗಿರುತ್ತಿದ್ದೆ. ಮೇಲೆ ಯಾರೋ ನಡೆಯುತ್ತಿರುತ್ತಿದ್ದರು.

ಹುಲಿಗೆವ್ವಕ್ಕ ಮಾತ್ರ ಸ್ಪೀಕರಿನ ಹತ್ತಿರ ಕೂರುತ್ತಿರಲಿಲ್ಲ. “ಕೂಸು ಅಳೂದು ಫೋನಾಗ ಕೇಳಿದ್ರ ಹೊಟ್ಟಿ ತುಂಬತದೇನು? ಎತ್ತಿಕೊಬೇಕು” ಎನ್ನುತ್ತಿದ್ದಳು.

ಹೋಲಿಕೆ ಎಪ್ಪತ್ತಾಯಿತು, ಎಂಬತ್ತಾಯಿತು, ತೊಂಬತ್ತಕ್ಕೆ ಬಂದು ನಿಂತುಬಿಟ್ಟಿತು. ಹೊಸ ಹುಲ್ಲು ತಂದು ಹಾಕಿದರು, ಕಾಡು ಹೆಸರುಕಾಳು ಬಿತ್ತಿದರು, ಏನು ಮಾಡಿದರೂ ಏರಲಿಲ್ಲ. ಮೇಡಂ ಊಟ ನಿದ್ದೆ ಬಿಟ್ಟರು. ಒಂದು ದಿನ ಅವರೇ ಒಂದು ಸಂಗತಿ ಗಮನಿಸಿದರು.

“ಆದೆಪ್ಪ ಅವರೇ, ಭಾನುವಾರ ಮಾತ್ರ ಅಂಕಿ ಮೇಲೆ ಹೋಗ್ತದ. ಯಾಕಿರಬಹುದು?”

“ಭಾನುವಾರ ಗಿಡ ನೋಡಾ ಕೂಲಿಯವ್ರು ಬರಾಂಗಿಲ್ಲರೀ.”

“ಅಷ್ಟೇನಾ? ಅವರ ಹೆಜ್ಜೆಗೆ ಹುಳು ಸುಮ್ಮನಾಗ್ತಾವ. ಆದ್ರ ಹಳೇ ತೊಗರಿಹಾಳದಾಗ ಜನ ಇರಲಿಲ್ಲೇನು? ಅಲ್ಲಿ ಹುಳು ಹ್ಯಾಂಗ ಮಾತಾಡ್ತಿದ್ದವು?”

ಅವರು ಮುದ್ರೆ ಹಾಕಿಟ್ಟ ಹಳೆಯ ದನಿಯನ್ನು ಮೊದಲಿನಿಂದ ಕೊನೆಯವರೆಗೆ ಹಚ್ಚಿದರು. ಇಬ್ಬರೂ ಕೂತು ಸೂರ್ಯ ಹುಟ್ಟಿದಾಗಿನಿಂದ ಕೇಳಿದೆವು. ಹುಳು, ಬೇರು, ಗಾಳಿಗೆ ಅಲುಗುವ ಬೇವಿನ ಗಿಡದ ಬುಡ. ಎಷ್ಟು ಚಂದ! ಕಣ್ಣು ಮುಚ್ಚಿದರೆ ನಮ್ಮ ಹೊಲದ ಬದುವಿನಲ್ಲಿ ಅಂಗಾತ ಮಲಗಿದ ಹಾಗಿತ್ತು. ಹೊತ್ತು ಏರಿದಂತೆ ಏನೋ ಇಲ್ಲ, ಏನೋ ಇಲ್ಲ ಎಂದು ನನ್ನ ಎದೆ ಹೇಳತೊಡಗಿತು. ಎತ್ತಿನ ಗೊರಸಿಲ್ಲ. ಒಳಕಲ್ಲಿನಲ್ಲಿ ಕುಟ್ಟುವ ಸದ್ದಿಲ್ಲ. ಬಾವಿಯ ಗಾಲಿ ಇಲ್ಲ. ಕುಂಟೆ ಹೊಡೆಯುವುದಿಲ್ಲ, ಹುಡುಗರು ಓಡುವುದಿಲ್ಲ. ಒಂದು ನಾಯಿಯೂ ನಡೆಯಲಿಲ್ಲ. ಸಂಜೆ ಹೊತ್ತಿಗೆ ಬಹಳ ದೂರದಿಂದ ಏನೋ ಗುಡುಗಿದಂತೆ ಬಂತು. ನೂರಾರು ಗೊರಸು, ನೂರಾರು ಕಾಲು, ಎಲ್ಲ ಒಟ್ಟಿಗೆ. ಅದು ಹತ್ತಿರ ಬರುವಷ್ಟರಲ್ಲಿ ದನಿ ಟಕ್ಕೆಂದು ಕತ್ತರಿಸಿಹೋಯಿತು.

“ಇದೇನು?” ಎಂದರು ಮೇಡಂ.

ನನಗೆ ಗೊತ್ತಾಗಿತ್ತು. ಬೈಗುಳವೂ ಬಂತು, ಅಳುವೂ ಬಂತು.

ಮಳೆ ಹಿಡಿಯುವ ಕಾಲಕ್ಕೆ ನಮ್ಮೂರಲ್ಲಿ ಹೊರಬೀಡು ಮಾಡುತ್ತಿದ್ದರು. ಆ ದಿನ ಊರಿಗೆ ಊರೇ ಖಾಲಿ. ಮುದುಕರು, ಬಾಣಂತಿಯರು, ದನ, ಕುರಿ, ಕೋಳಿ, ನಾಯಿ ಎಲ್ಲ ಬೆಳಕು ಹರಿಯುವ ಮೊದಲೇ ಸೀಮೆ ದಾಟಿ ಹಳ್ಳದಾಚೆ ಹೋಗಿ ಬೀಡುಬಿಡಬೇಕು. ಅಲ್ಲೇ ಅಡಿಗೆ, ಅಲ್ಲೇ ಊಟ. ಊರಮ್ಮನಿಗೆ ಒಂದು ದಿನ ಊರನ್ನು ಬಿಟ್ಟುಕೊಡುವುದೆಂದು ನಂಬಿಕೆ. ಹೊತ್ತು ಮುಳುಗುವಾಗ ಎಲ್ಲರೂ ಒಟ್ಟಿಗೆ ಮರಳಬೇಕು. ದನಿ ಹಿಡಿಯುವ ತಂಡದವರು ಬಂದು, “ಗದ್ದಲ ಕಡಿಮೆ ಇರುವ ಒಂದು ದಿನ ಹೇಳಿ” ಎಂದು ಕೇಳಿದಾಗ ನಮ್ಮ ಹಿರಿಯರು ಮನೆಗೆ ಬಂದ ಬೀಗರಿಗೆ ಒಳ್ಳೆಯ ಮಂಚ ಬಿಟ್ಟುಕೊಟ್ಟ ಹಾಗೆ ಅದೇ ದಿನವನ್ನು ಕೊಟ್ಟಿದ್ದರು. “ಅವತ್ತು ಬರ್ರಿ. ಒಂದು ಕೋಳೀನೂ ಕೆದರಾಂಗಿಲ್ಲ. ನಿಮ್ಮ ಮಿಷನ್ನಿಗೆ ಚಂದ ಕೇಳ್ತದ.” ತಂಡದವರಿಗೆ ಖುಷಿಯೋ ಖುಷಿ. ಜನ ಮರಳುವ ಹೊತ್ತಿಗೆ ಯಂತ್ರ ಬಂದ್ ಮಾಡಿದರು.

ಹೀಗೆ ತೊಗರಿಹಾಳದವರು ಇಲ್ಲದ ದಿನವೇ ತೊಗರಿಹಾಳದ ನೆಲವೆಂದು ಸರ್ಕಾರದ ಮುದ್ರೆ ಬಿತ್ತು.

ನಾನು ಹೇಳಿದ್ದನ್ನೆಲ್ಲ ಮೇಡಂ ಗುರುತು ಹಾಕಿಕೊಂಡರು. ಆಮೇಲೆ ದನಿಗೆ ಮುದ್ರೆ ಹಾಕಿದ್ದ ಪ್ರಾಧಿಕಾರಕ್ಕೆ ಬರೆದರು, ಎರಡು ಸಲ ರಾಜಧಾನಿಗೆ ಹೋಗಿಬಂದರು. ಅಲ್ಲಿಯ ದೊಡ್ಡವರು ಹೇಳಿದ್ದು ಇಷ್ಟೇ. ಮುದ್ರೆ ಬಿದ್ದ ದನಿಯನ್ನು ತಿದ್ದಲಾಗದು. ಹಳೆಯ ನೆಲ ಈಗಿಲ್ಲ, ಮತ್ತೆ ಹಿಡಿಯಲೂ ಆಗದು. ಮನುಷ್ಯರ ಓಡಾಟವಿಲ್ಲದ ದನಿ ಸಿಕ್ಕಿದ್ದಂತೂ ಇನ್ನೂ ಒಳ್ಳೆಯದೇ ಆಯಿತು. ಕೂಲಿಯವರನ್ನು ಹೊರಗೆ ತೆಗೆಯಿರಿ, ಒಂದು ದಿನ ಕಡೆಯ ಆಲಿಕೆ ನಡೆಸಿರಿ. ಪಾಸಾದರೆ ನೆಲವನ್ನು ಜೀವಂತ ನೆಲವೆಂದು ಘೋಷಿಸಿ ಈಗಿರುವ ಬೇಲಿಯನ್ನು ಕಾಯಂ ಮಾಡಿರಿ. ಆ ದನಿ ಕೆಡದಂತೆ ಕಾಪಾಡಬೇಕಾದ್ದರಿಂದ ಅಲ್ಲಿ ಯಾರೂ ವಾಸ ಮಾಡುವಂತಿಲ್ಲ, ಉಳುವಂತಿಲ್ಲ, ಎಂದೆಂದಿಗೂ. ಅದರ ಬದಲಿಗೆ ಕಾಲೋನಿಯ ಮನೆಗಳ ಪಟ್ಟಾ ಕೊಡಿಸುತ್ತೇವೆ. ಪಾಸಾಗದಿದ್ದರೆ ಎಲ್ಲ ಹಾಗೇ ಇರಲಿ. ಪಟ್ಟಾನೂ ಇಲ್ಲ, ಪ್ರಮಾಣಪತ್ರಾನೂ ಇಲ್ಲ, ನೆಲ ಯಾರಿಗೆಂಬ ವಾದ ನಡೆಯುತ್ತಿರಲಿ.

ಕಟ್ಟೆಯ ಮೇಲೆ ಸಭೆ ಸೇರಿತು. ಕಾಲೋನಿಯ ಮುಂದಾಳು ಸೂಗಪ್ಪ ಎದ್ದು ನಿಂತು, “ಭೂಮಿ ಬದುಕ್ಯಾದ, ದಿನಾ ಕೇಳಾಕ ಹತ್ತೀವಿ. ನಮ್ಮ ಮಕ್ಕಳು ಯಾರು ಈಗ ಕುಂಟಿ ಹಿಡಿತಾರ? ತಲಿ ಮ್ಯಾಲಿನ ಸೂರು ನಮ್ಮ ಹೆಸರಿಗೆ ಆದ್ರ ಸಾಕು” ಎಂದ. ಕೈ ಎತ್ತಿದವರೇ ಬಹಳ. ನಾನೂ ಎತ್ತಿದೆ. ಎತ್ತಿದ್ದಕ್ಕೆ ಕಾರಣ ಪಟ್ಟಾ ಒಂದೇ ಅಲ್ಲ. ಆ ದನಿಗೆ ನಾನು ಮರುಳಾಗಿದ್ದೆ. ಅದು ಕೆಡಬಾರದು ಅನ್ನಿಸಿತ್ತು.

ಹುಲಿಗೆವ್ವಕ್ಕ ಗುಂಪಿನ ಹಿಂದಿನಿಂದ ಕೇಳಿದಳು: “ನಾವು ಇಲ್ಲದಿದ್ರನೇ ನೆಲ ಬದುಕ್ಯಾದ ಅನ್ನಾಂಗಿದ್ರ, ಇಷ್ಟು ವರ್ಷ ನಾವು ಮಾಡಿದ್ದೇನು? ಕೊಂದೀವೇನು?”

“ಹಂಗಲ್ಲಬೇ ಹುಲಿಗೆವ್ವ...” ಎಂದ ಸೂಗಪ್ಪ.

“ಮತ್ತ ಹ್ಯಾಂಗ? ಬಿಡಿಸಿ ಹೇಳಪಾ.”

ಸೂಗಪ್ಪ ಚಹಾದವನನ್ನು ಕೂಗಿದ. ಚಹಾ ಬಂತು, ಸಭೆ ಮುಗಿಯಿತು.

ಆ ಕಡೆಯ ಆಲಿಕೆಯ ದಿನವೇ ನಾನು ತಾಟು ಬೀಸಿ ಉಣ್ಣದೆ ಬಂದದ್ದು.

ಕಿವಿಕೋಣೆಯಲ್ಲಿ ಮೇಡಂ ಆಗಲೇ ಬಂದು ಕೂತಿದ್ದರು. ನಾನು ಹೆಡ್‌ಫೋನು ಏರಿಸಿಕೊಂಡೆ. ಬಯಲಿನಲ್ಲಿ ಒಬ್ಬ ಮನುಷ್ಯನಿಲ್ಲ. ಕಿಟಕಿಯಾಚೆ ಮಂಜು ಇನ್ನೂ ಹುಲ್ಲಿನ ಮೇಲೆ ಹಾಲಿನ ಕೆನೆಯಂತೆ ಕೂತಿತ್ತು. ಅದರೊಳಗಿನಿಂದ ಎಳೆಯ ಹೊಂಗೆ ಮರಗಳ ತಲೆ ಮಾತ್ರ ಕಾಣುತ್ತಿತ್ತು. ಕೆಳಗೆ ನೆಲ ಹಾಡುತ್ತಿತ್ತು. ಅಂಕಿ ತೊಂಬತ್ತೈದು ದಾಟಿತು, ತೊಂಬತ್ತಾರು ಮುಟ್ಟಿತು. ಸಾಯಂಕಾಲದವರೆಗೆ ಹೀಗೇ ನಿಂತರೆ ಸಾಕು. ನನಗೆ ಮಂಪರು ಬಂದಂತಾಯಿತು. ನಾನೇ ಕೆಳಗಿಳಿದು ಆ ನೂಲುಗಳ ನಡುವೆ ತೇಲುತ್ತಿದ್ದೇನೆ ಅನ್ನಿಸಿತು. ಹಸಿವಿಲ್ಲ, ಸಿಟ್ಟಿಲ್ಲ. ಅಕ್ಕನನ್ನೂ ಮರೆತಿದ್ದೆ.

ಹೊತ್ತು ನೆತ್ತಿಗೆ ಬಂದಾಗ ಕೆಂಪು ದೀಪ ಹತ್ತಿತು.

ಧಪ್. ಧಪ್. ಒಂದು ಕಾಲು ಗಟ್ಟಿಯಾಗಿ, ಇನ್ನೊಂದು ಸ್ವಲ್ಪ ಎಳೆದುಕೊಂಡು. ಬಲಗಾಲಿನ ಹಿಮ್ಮಡಿಯಲ್ಲಿ ಅವಳಿಗೆ ಆಣಿ. ಅದು ಯಾರ ನಡಿಗೆಯೆಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಆ ಸೊಂಟದ ಮೇಲೆ ಕೂತು ಬೆಳೆದವನು ನಾನು.

“ಮನುಷ್ಯರ ಹೆಜ್ಜೆ” ಎಂದರು ಮೇಡಂ. ನನ್ನ ಮುಖ ನೋಡಿದರು. ಅವರಿಗೂ ಗೊತ್ತಾಯಿತು. “ನಿಮ್ಮ ಅಕ್ಕನಾ?”

“ಹೌದ್ರೀ. ಆ ಮುದುಕಿಗೆ ಬುದ್ಧಿ ಇಲ್ಲ. ಬ್ಯಾಡ ಬ್ಯಾಡ ಅಂತ ಬಡಕೊಂಡೆ.”

“‘ಹೊರಗಿನದು’ ಒತ್ತಿಬಿಡ್ರಿ. ಲೆಕ್ಕದಿಂದ ಹೋಗ್ತದ. ಗಾರ್ಡಿಗೆ ಫೋನ್ ಮಾಡಿ ಕರೆಸ್ತೀನಿ, ಯಾರೂ ಏನೂ ಅನ್ನಾಂಗಿಲ್ಲ.”

ಬೆರಳು ಗುಂಡಿಯ ಮೇಲಿಟ್ಟೆ. ಒತ್ತುವವನೇ ಇದ್ದೆ. ಬೆಳಿಗ್ಗೆಯ ಸಿಟ್ಟೆಲ್ಲ ಆ ಬೆರಳಿಗೇ ಬಂದಿತ್ತು. ಕೆಂಪು ದೀಪ ಮಿಣುಕುತ್ತಿತ್ತು. ಉತ್ತರ ಕೊಡಲು ಯಂತ್ರ ಸ್ವಲ್ಪ ಹೊತ್ತು ಕಾಯುತ್ತದೆ.

ಹೆಜ್ಜೆ ಬಿದ್ದ ಕಡೆ ನೆಲವೆಲ್ಲ ಗಪ್ಪಾಗಿತ್ತು. ಕೂಲಿಯವರು ಬಂದಾಗಲೂ ಹಾಗೇ ಆಗುತ್ತಿತ್ತು, ಅವರು ಹೋಗುವವರೆಗೆ ಹುಳುಗಳು ಬಾಯಿ ಬಿಡುತ್ತಿರಲಿಲ್ಲ. ಅಕ್ಕ ನಮ್ಮ ಹಳೆಯ ಮನೆ ಇದ್ದ ಜಾಗದ ಹತ್ತಿರದ ಕಿವಿಯವರೆಗೆ ಬಂದಳು. ಅಲ್ಲಿ ನಿಂತಳು. ಆಮೇಲೆ ಒಂದೇ ಕಡೆ ಸುತ್ತುತ್ತ ಕಾಲಿನಿಂದ ನೆಲ ತುಳಿಯತೊಡಗಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಮೊದಲು ಅರ್ಥವಾಗಲಿಲ್ಲ.

“ಏನು ಮಾಡ್ತಿದ್ದಾರ ಅವರು?”

“ಕಣ ಮಾಡಾಕ ಹತ್ಯಾಳ್ರೀ. ರಾಶಿಗೆ ಮೊದಲು ನೆಲ ಹಿಂಗ ತುಳದು ತುಳದು ಗಟ್ಟಿ ಮಾಡ್ತಾರ.”

“ರಾಶಿ ಎಲ್ಲಿ ಅದ ಈಗ?”

ಅಷ್ಟರಲ್ಲಿ ನನ್ನ ಕಿವಿಯಲ್ಲಿ ಬೇರೆ ಏನೋ ನಡೆಯುತ್ತಿತ್ತು. ಅವಳ ತುಳಿತದ ಸುತ್ತಲೂ, ಸ್ವಲ್ಪ ದೂರದಲ್ಲಿ, ಒಂದು ಹುಳು ಉಜ್ಜಿತು. ನಿಲ್ಲಿಸಿತು. ಮತ್ತೆ ಉಜ್ಜಿತು. ಇನ್ನೊಂದು ಸೇರಿಕೊಂಡಿತು. ಬೇರಿನ ಚಿಟಿಕೆ ಬಂತು. ಗೆದ್ದಲಿನ ಸಾಲು ಹೊರಟಿತು. ಅವಳು ತುಳಿಯುತ್ತಲೇ ಇದ್ದಳು. ಧಪ್, ಧಪ್. ಅದರ ನಡುನಡುವೆ, ಅದರ ತಾಳ ಹಿಡಿದೋ ಎಂಬಂತೆ, ನೆಲ ತನ್ನ ಕೆಲಸಕ್ಕೆ ಮರಳಿತು. ಅಂಥ ದನಿಯನ್ನು ಆ ಕೋಣೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಹಳೆಯ ಮುದ್ರೆ ಬಿದ್ದ ದನಿಯಲ್ಲೂ ಇರಲಿಲ್ಲ. ಕೇಳಿದ್ದು ಕನಸಿನಲ್ಲಿ, ಅದೂ ಕೆಳಗೆ ಮಲಗಿ.

ಮೇಡಂ ಇನ್ನೊಂದು ಹೆಡ್‌ಫೋನು ಎಳೆದು ಹಾಕಿಕೊಂಡರು. ಕೇಳುತ್ತ ಕೇಳುತ್ತ ಅವರ ಬಾಯಿ ಸ್ವಲ್ಪ ತೆರೆಯಿತು.

ಫೋನು ಬಡಿದುಕೊಂಡಿತು. ಸೂಗಪ್ಪ. ಕಾಲೋನಿಯ ಸ್ಪೀಕರಿನಲ್ಲೂ ಅದೇ ದನಿ ಬರುತ್ತಿತ್ತಲ್ಲ. “ಆದೆಪ್ಪಾ, ಯಾರಲೇ ಅದು? ಹೊರಗ ಹಾಕು! ಮನಿ ಮುಳುಗಿಸಬ್ಯಾಡ. ಕಿವುಡಾಗಿ ಕುಂತೀ ಏನಲೇ?”

“ಸೂಗಣ್ಣಾ, ಒದರಬ್ಯಾಡ. ಕೇಳಾಕ ಬಿಡು” ಎಂದು ಇಟ್ಟುಬಿಟ್ಟೆ.

ಕೆಂಪು ದೀಪ ಜೋರಾಗಿ ಮಿಣುಕಿತು. ‘ಹೊರಗಿನದು’ ಎಂದು ಒತ್ತಿದರೆ ಪಟ್ಟಾ, ಬೇಲಿ, ಹಾಡುವ ನೆಲ. ‘ನೆಲದ್ದು’ ಎಂದರೆ ಏನೂ ಇಲ್ಲ. ವಾದ ಮಾತ್ರ ಉಳಿಯುತ್ತದೆ, ಅದು ನನ್ನ ಕಾಲಕ್ಕೆ ಮುಗಿಯುವುದೂ ಇಲ್ಲ. ಆದರೂ ಆ ಹೆಜ್ಜೆಯ ಹೆಸರು ಹೊರಗಿನದು ಎಂದು ಹೇಳಲು ನನ್ನಿಂದ ಆಗಲಿಲ್ಲ. ಅದು ಹಸಿ ಸುಳ್ಳಾಗುತ್ತಿತ್ತು. ಸಿಟ್ಟಿನಲ್ಲಿ ನಾನು ತಾಟು ಬೀಸುತ್ತೇನೆ, ಬಾಯಿಗೆ ಬಂದಂತೆ ಬೈಯುತ್ತೇನೆ, ಆದರೆ ಕೇಳಿದ್ದನ್ನು ಕೇಳಿಲ್ಲ ಎನ್ನುವವನಲ್ಲ.

‘ನೆಲದ್ದು’ ಒತ್ತಿದೆ.

ಗಾಜಿನ ಗೋಡೆಯ ಅಂಕಿ ತೊಂಬತ್ತಾರರಿಂದ ಜಾರಿತು. ತೊಂಬತ್ತು. ಎಂಬತ್ತೆಂಟು. ಎಂಬತ್ತು. ಮೇಡಂ ಕೊರಳಿನಲ್ಲಿದ್ದ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡರು. ಆ ಕೀಲಿ ಹಾಕಿ ತಿರುಗಿಸಿದರೆ ನಾನು ಒತ್ತಿದ್ದು ರದ್ದಾಗುತ್ತಿತ್ತು. ಹತ್ತು ವರ್ಷದ ಅವರ ದುಡಿಮೆಯೂ ಪಾಸಾಗುತ್ತಿತ್ತು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ರವಿಕೆಯೊಳಗೆ ಬಿಟ್ಟುಕೊಂಡರು.

“ದೊಡ್ಡವರು ನನ್ನ ಕೆಲಸ ತೆಗೀತಾರ” ಎಂದರು.

“ನನ್ನದೂ ತೆಗೀತಾರ ಬಿಡ್ರೀ.”

“ನಿಮಗ ನಗು ಹ್ಯಾಂಗ ಬರ್ತದ, ಆದೆಪ್ಪ ಅವರೇ?”

ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಅಕ್ಕ ತುಳಿಯುವುದನ್ನು ನಿಲ್ಲಿಸಿದಳು. ದಣಿದು ಕೂತಳೆಂದು ಕಾಣುತ್ತದೆ, ಬಹಳ ಹೊತ್ತು ಹುಳುಬೇರುಗಳ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಬೇಲಿಯ ಕ್ಯಾಮೆರಾದಲ್ಲಿ ಅವಳನ್ನು ಕಂಡ ಗಾರ್ಡುಗಳ ಜೀಪು ಅಷ್ಟರಲ್ಲಿ ಗೇಟಿನಿಂದ ಹೊರಟಿತ್ತು. ಮಂಜು ಹೋಗಿ ಬಿಸಿಲು ಬಿದ್ದಿತ್ತು. ಹುಲ್ಲು ಆಳೆತ್ತರ. ಜೀಪಿನ ಸದ್ದು ಕೇಳಿರಬೇಕು, ಅವಳು ಎದ್ದಳು. ಕಾಲೋನಿಯ ಕಡೆಗಲ್ಲ, ಹಳ್ಳದ ಮೇಲ್ಗಡೆಗೆ ತಿರುಗಿದಳು. ಆ ಕಡೆ ಬಯಲು ಇನ್ನೂ ಬಹಳ ದೂರ ಹೋಗುತ್ತದೆ, ಆ ಭಾಗಕ್ಕೆಲ್ಲ ಕಿವಿ ಹುಗಿದಿಲ್ಲ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಅವಳ ಹೆಜ್ಜೆ ದಾಟುತ್ತ ಹೋಯಿತು. ಅವಸರವಿಲ್ಲದ ನಡಿಗೆ. ಪ್ರತಿ ಸಲ ದೀಪ ಹತ್ತಿತು, ಪ್ರತಿ ಸಲ ನಾನು ‘ನೆಲದ್ದು’ ಎಂದೆ. ಕಡೆಯ ಕಿವಿಯ ಹತ್ತಿರ ಅವಳು ಒಂದು ಗಳಿಗೆ ನಿಂತಳು. ಚಪ್ಪಲಿ ಕಳಚಿದ ಸದ್ದು ಬಂತು. ಆಮೇಲೆ ಬರಿಗಾಲಿನ ಹೆಜ್ಜೆಗಳು, ಮೆತ್ತಗೆ, ಇನ್ನೂ ಮೆತ್ತಗೆ. ಆಮೇಲೆ ಇಲ್ಲ.

ಗಾರ್ಡುಗಳು ಕತ್ತಲಾಗುವ ತನಕ ಹುಡುಕಿದರು. ಚಪ್ಪಲಿ ತಂದು ನನ್ನ ಮೇಜಿನ ಮೇಲಿಟ್ಟರು.

ನೀಲಮ್ಮ ಬುತ್ತಿ ಕಟ್ಟಿಕೊಂಡು ಬೇಲಿಯ ಹತ್ತಿರ ಹೋಗಿ ಕೂಗಿ ಬಂದಳಂತೆ. ಸೂಗಪ್ಪ ಕಾಲೋನಿಯವರನ್ನು ಕರೆದುಕೊಂಡು ನನಗೆ ಬೈಯಲು ಬಂದವನು ಕೋಣೆಯ ಬಾಗಿಲಲ್ಲೇ ನಿಂತ. ಯಾರೋ ಕಟ್ಟೆಯ ಸ್ಪೀಕರಿನ ದನಿಯನ್ನು ಇಲ್ಲಿಗೂ ಕೇಳುವಷ್ಟು ಏರಿಸಿದ್ದರು, ಕೇಳುತ್ತ ನಿಂತುಬಿಟ್ಟ. ಯಂತ್ರ ಆರಿಸುವ ಹೊತ್ತಾಗಿತ್ತು. ನಾನು ಆರಿಸಲಿಲ್ಲ.

“ಅಕ್ಕ ಬಂದ್ರಾ?” ಎಂದು ಮೇಡಂ ಕೇಳಿದರು.

ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಹುಳು ಇತ್ತು, ಬೇರು ಇತ್ತು, ಇಬ್ಬನಿ ಇಳಿಯುತ್ತಿತ್ತು. ಈ ಕಡೆ ಬರುವ ಹೆಜ್ಜೆ ಇರಲಿಲ್ಲ.

“ಇಲ್ರೀ” ಎಂದೆ.

ಮರುದಿನವೂ ಇಲ್ಲ. ಆಮೇಲೂ ಇಲ್ಲ.